ಹುಲಿ ಗಡಿ ಗುರುತು ಹಾಕುವಾಗ ದಾರಿ ಬಿಡಿ

ಕಳೆದ ಸಂಚಿಕೆಯಲ್ಲಿ ಹೆಣ್ಣುಹುಲಿಯೊಂದು ಮತ್ತಿಮರಕ್ಕೆ ಬೆನ್ನು ತಿರುಗಿಸಿ, ಬಾಲ ಎತ್ತಿ ನಿಂತಿದ್ದ ನನ್ನ ಚಿತ್ರ ಅಚ್ಚಾಗಿತ್ತು. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಅದರ ಬಗ್ಗೆಯೇ. ಕ್ಯಾಮೆರಾ ಯಾವುದು, ಲೆನ್ಸ್ ಯಾವುದು ಎಂದು ಕೇಳಿದವರಿಗೆಲ್ಲ ಸೇರಿ ಒಂದು ಉತ್ತರ ಬರೆದಿದ್ದೇನೆ. ಈ ತಿಂಗಳ ಉಳಿದ ಜಾಗವನ್ನು ಹುಲಿ, ಚಿರತೆ, ಸಿಂಹಗಳು ತಮ್ಮ ಗಡಿ ಕಾಯುವ ರೀತಿಗೆ ಮತ್ತು ಅದನ್ನು ಕೆಡಿಸದೆ ಚಿತ್ರ ತೆಗೆಯುವುದಕ್ಕೆ ಕೊಟ್ಟಿದ್ದೇನೆ.

ಪ್ರಶ್ನೆ: ಎರಡು ಸಲ ಕಬಿನಿ ಸಫಾರಿಗೆ ಹೋದೆ, ಎರಡು ಸಲವೂ ಹುಲಿ ಸಿಕ್ಕಿತು. ಆದರೆ ನನ್ನ ಫೋಟೋಗಳೆಲ್ಲ ರಸ್ತೆ ಮೇಲೆ ನಡೆದುಹೋಗುವ ಹುಲಿಯವೇ. ಗುರುತು ಹಾಕುವ ಕ್ಷಣ ಸಿಗುವುದು ಬರೀ ಅದೃಷ್ಟವೋ, ಮೊದಲೇ ಸುಳಿವು ಸಿಗುತ್ತದೋ?
— ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಹುಲಿ ಕಾಣಿಸಿಕೊಳ್ಳುವುದು ಅದೃಷ್ಟ. ಕಂಡ ಹುಲಿ ಮುಂದೇನು ಮಾಡಲಿದೆ ಎಂಬುದು ಮಾತ್ರ ಅದರ ನಡಿಗೆಯಲ್ಲೇ ಗೊತ್ತಾಗುತ್ತದೆ.

ಸುಮ್ಮನೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಟ ಹುಲಿ ರಸ್ತೆಯ ನಡುವೆ ಒಂದೇ ಹದದಲ್ಲಿ ಹೆಜ್ಜೆ ಹಾಕುತ್ತದೆ. ಗಡಿ ನೋಡಿಕೊಂಡು ಬರಲು ಹೊರಟಿದ್ದರೆ ಆ ನಡಿಗೆ ಕಡಿದು ಕಡಿದು ಸಾಗುತ್ತದೆ. ಅದು ರಸ್ತೆಯ ಅಂಚು ಹಿಡಿಯುತ್ತದೆ. ಹತ್ತು ಹೆಜ್ಜೆ ನಡೆಯುವುದು, ನಿಲ್ಲುವುದು, ಪಕ್ಕದ ಪೊದೆಯತ್ತ ತಲೆ ಹೊರಳಿಸುವುದು. ಯಾವುದೋ ಒಂದು ಮರದ ಹತ್ತಿರ ಬಂದಾಗ ಕತ್ತು ಮುಂದಕ್ಕೆ ಚಾಚಿ, ತನ್ನ ಭುಜದ ಎತ್ತರದಲ್ಲಿ ತೊಗಟೆಗೆ ಮೂಗು ತಾಗಿಸುತ್ತದೆ. ಇಲ್ಲಿಂದ ಮುಂದೆ ನಿಮ್ಮ ಬೆರಳು ಶಟರ್ ಮೇಲೇ ಇರಲಿ. ಮೂಸಿದ ಮೇಲೆ ಮೇಲ್ತುಟಿ ಮೇಲಕ್ಕೆ ಸುರುಳಿಯಾಗುತ್ತದೆ, ಮೂಗಿನ ಮೇಲೆ ಸುಕ್ಕು ಬೀಳುತ್ತದೆ, ನಾಲಿಗೆ ಹೊರಗೆ ಇಳಿಬೀಳುತ್ತದೆ, ಕಣ್ಣು ಅರೆ ಮುಚ್ಚುತ್ತದೆ. ಇದಕ್ಕೆ ಫ್ಲೆಮೆನ್ ಎನ್ನುತ್ತಾರೆ. ಮೇಲ್ದವಡೆಯ ಮುಂಬಲ್ಲುಗಳ ಹಿಂದೆ ಬಾಯಿಯ ಛಾವಣಿಯಲ್ಲಿ ಸಣ್ಣ ರಂಧ್ರಗಳಿವೆ. ಅಲ್ಲಿಂದ ವಾಸನೆ, ಇಂಥ ಗುರುತು ಓದಲೆಂದೇ ಇರುವ ಜೇಕಬ್‌ಸನ್ ಅಂಗಕ್ಕೆ ಹೋಗುತ್ತದೆ. ಮೊದಲು ಇಲ್ಲಿಗೆ ಬಂದುಹೋದದ್ದು ಗಂಡೋ ಹೆಣ್ಣೋ, ಹೆಣ್ಣಾದರೆ ಬೆದೆಗೆ ಬಂದಿದೆಯೋ ಎಂಬುದನ್ನು ಹುಲಿ ಹೀಗೆ ತಿಳಿದುಕೊಳ್ಳುತ್ತದೆ. ನೋಡಿದವರು ಹುಲಿ ನಗುತ್ತಿದೆ ಅಂತಲೋ, ಸಿಟ್ಟಾಗಿದೆ ಅಂತಲೋ ಅಂದುಕೊಳ್ಳುತ್ತಾರೆ. ಎರಡೂ ಅಲ್ಲ.

ಓದಿ ಮುಗಿದ ಮೇಲೆ ಉತ್ತರ ಬರೆಯುವ ಸರದಿ. ಹುಲಿ ಮೈ ತಿರುಗಿಸಿ ಮರಕ್ಕೆ ಹಿಂಭಾಗ ಕೊಡುತ್ತದೆ. ಬಾಲ ಕಂಬದ ಹಾಗೆ ನೆಟ್ಟಗೆ ನಿಲ್ಲುತ್ತದೆ, ತುದಿ ಒಂದಿಷ್ಟು ನಡುಗುತ್ತದೆ, ಚಿಮ್ಮಿದ ದ್ರವ ಓರೆಯಾಗಿ ಮೇಲಕ್ಕೆ ಹೋಗಿ ಕಾಂಡಕ್ಕೆ ಬಡಿಯುತ್ತದೆ. ಎರಡು ಮೂರು ಸೆಕೆಂಡಿನಲ್ಲಿ ಎಲ್ಲ ಮುಗಿಯುತ್ತದೆ. ಇಲ್ಲೊಂದು ಅನುಕೂಲ ನೆನಪಿರಲಿ. ಮರ ಕಾಡಿನ ಅಂಚಿಗಿರುತ್ತದೆ, ಬೆನ್ನು ಮರದ ಕಡೆಗಿರುತ್ತದೆ. ಹಾಗಾಗಿ ಬಹಳ ಸಲ ಹುಲಿಯ ಮುಖ ರಸ್ತೆಯ ಕಡೆಗೇ ಇರುತ್ತದೆ. ನೀವು ದೂರದಲ್ಲಿ ಸುಮ್ಮನೆ ನಿಂತಿದ್ದರೆ ಸಾಕು, ಮುಖ, ಎತ್ತಿದ ಬಾಲ, ಮರ ಮೂರೂ ಒಂದೇ ಚೌಕಟ್ಟಿಗೆ ಬರುತ್ತವೆ. ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ಹಿಡಿಯಿರಿ. ಅಡ್ಡ ಹಿಡಿದವರ ಚಿತ್ರಗಳಲ್ಲಿ ಬಾಲದ ತುದಿ ಕತ್ತರಿಸಿಹೋಗಿರುತ್ತದೆ, ಇಲ್ಲವೇ ಮರವೇ ಇರುವುದಿಲ್ಲ. ಮರವಿಲ್ಲದ ಆ ಚಿತ್ರಕ್ಕೆ ಅರ್ಥವೂ ಇರುವುದಿಲ್ಲ.

ಬೆಳಗಿನ ಬಿಸಿಲು ಹುಲಿಯ ಹಿಂದಿನಿಂದ ಬರುತ್ತಿದ್ದರೆ, ಹಿನ್ನೆಲೆಯಲ್ಲಿ ಲಂಟಾನದ ಕತ್ತಲೆಯಿದ್ದರೆ, ಆ ಹನಿಗಳು ಒಂದೊಂದಾಗಿ ಹೊಳೆಯುತ್ತವೆ. ಸೆಕೆಂಡಿನ 1/1600 ಅಥವಾ 1/2000 ವೇಗ ಬೇಕು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200 ಆದರೂ ಹೆದರಬೇಡಿ. ಮಸುಕಾದ ಹನಿಗಿಂತ ಸ್ವಲ್ಪ ಗ್ರೇನ್ (ಕಾಳುಕಾಳು) ಇರುವ ಹನಿ ಮೇಲು.

ಇನ್ನು ಕಾಲದ ಮಾತು. ನಾಗರಹೊಳೆಯಲ್ಲಿ ಏಪ್ರಿಲ್‌–ಮೇ ತಿಂಗಳ ಅಡ್ಡಮಳೆ ಬಿದ್ದ ಮರುದಿನ ಬೆಳಗ್ಗೆ ಹೋಗಿ ನೋಡಿ. ಮಳೆಗೆ ಹಳೆಯ ವಾಸನೆ ತೊಳೆದುಹೋಗಿರುತ್ತದೆ. ಅಂಗಳದ ರಂಗೋಲಿಯನ್ನು ದಿನಾ ಹೊಸದಾಗಿ ಹಾಕಬೇಕಾದ ಹಾಗೆ ಹುಲಿಯೂ ತನ್ನ ಗುರುತುಗಳನ್ನು ಹೊಸತು ಮಾಡುತ್ತಲೇ ಇರಬೇಕು. ನನ್ನ ಒಳ್ಳೆಯ ಚಿತ್ರಗಳಲ್ಲಿ ಹೆಚ್ಚಿನವು ಇಂಥ ಒದ್ದೆ ಬೆಳಗುಗಳವು. ಮಣ್ಣು ರಾತ್ರಿಯ ಮಳೆಗೆ ಹದವಾಗಿರುವುದರಿಂದ ಹೆಜ್ಜೆಗುರುತೂ ಚೊಕ್ಕವಾಗಿ ಮೂಡಿರುತ್ತದೆ, ಹುಲಿ ಯಾವ ಕಡೆ ಹೋಗಿದೆ ಎಂಬ ಲೆಕ್ಕ ಸುಲಭ.

ನೇಪಾಳದ ಚಿತ್ವನ್‌ನಲ್ಲಿ ಹುಲಿಗಳಿಗೆ ರೇಡಿಯೊ ಕಾಲರ್ ಹಾಕಿ ಅಧ್ಯಯನ ಮಾಡಿದ ಡೇವಿಡ್ ಸ್ಮಿತ್ ಮತ್ತು ಜೊತೆಗಾರರು 1989ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಎರಡು ಸಂಗತಿಗಳಿವೆ: ಗುರುತುಗಳು ಎರಡು ಹುಲಿಗಳ ಪ್ರದೇಶ ಒಂದಕ್ಕೊಂದು ತಾಗುವಲ್ಲಿ ಹೆಚ್ಚು, ಮತ್ತು ಹೆಣ್ಣು ಬೆದೆಗೆ ಬರುವ ಮುಂಚಿನ ದಿನಗಳಲ್ಲಿ ಹೆಚ್ಚು. ಒಂದೇ ಹೆಣ್ಣುಹುಲಿ ಒಂದೇ ಬೆಳಗ್ಗೆ ಮರದಿಂದ ಮರಕ್ಕೆ ಗುರುತು ಹಾಕುತ್ತ ಹೋದರೆ ಅಂದು ಕಬಿನಿಯ ಕಡೆ ಗಂಡಿನ ಕೂಗೂ ಕೇಳಬಹುದು, ಕಿವಿ ತೆರೆದಿಟ್ಟಿರಿ.

ಪ್ರಶ್ನೆ: ಹುಲಿ ಗುರುತು ಹಾಕಿದ ಮರ ಬಾಸುಮತಿ ಅಕ್ಕಿಯ ಹಾಗೆ ಘಮಘಮಿಸುತ್ತದೆ ಎಂದು ಸಫಾರಿಯಲ್ಲಿ ನ್ಯಾಚುರಲಿಸ್ಟ್ ಹೇಳಿದರು. ಪ್ರವಾಸಿಗರನ್ನು ಖುಷಿಪಡಿಸುವ ಮಾತೇ?
— ಶಾಲಾ ಶಿಕ್ಷಕಿ, ಮೈಸೂರು

ಅವರು ಹೇಳಿದ್ದು ನಿಜ, ಮೇಡಂ. ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ರತನ್ ಲಾಲ್ ಬ್ರಹ್ಮಚಾರಿಯವರು ಹುಲಿಯ ಗುರುತು ದ್ರವದ ರಸಾಯನವನ್ನು ದಶಕಗಳ ಕಾಲ ಬೆನ್ನು ಹತ್ತಿದವರು. ಸುವಾಸನೆಯ ಅಕ್ಕಿಗೆ ಘಮ ಕೊಡುವ 2-ಅಸಿಟೈಲ್-1-ಪೈರೊಲಿನ್ ಎಂಬ ವಸ್ತುವೇ ಹುಲಿಯ ದ್ರವದಲ್ಲೂ ಇದೆ ಎಂದು ಅವರು ಮತ್ತು ಸಹೋದ್ಯೋಗಿಗಳು 1990ರಲ್ಲಿ ಪ್ರಕಟಿಸಿದರು. ಅದರಲ್ಲಿ ಕೊಬ್ಬಿನಂಶ ಬೆರೆತಿರುತ್ತದೆ. ಬರೀ ಮೂತ್ರವಾಗಿದ್ದರೆ ಬಿಸಿಲಿಗೆ ಆರಿ ವಾಸನೆ ಬೇಗ ಹಾರಿಹೋಗುತ್ತಿತ್ತು. ಕೊಬ್ಬು ಅದನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ.

ನನಗೆ ಅದನ್ನು ಮೊದಲು ತೋರಿಸಿಕೊಟ್ಟವರು ನಾಗರಹೊಳೆಯ ಒಬ್ಬ ಜೇನುಕುರುಬ ವಾಚರ್. ಇಲಾಖೆಯ ಅನುಮತಿಯ ಮೇಲೆ ಅವರ ಜೊತೆ ನಡೆಯುತ್ತಿದ್ದಾಗ ರಸ್ತೆಗೆ ಬಾಗಿದ್ದ ಒಂದು ಮರದ ಹತ್ತಿರ ನಿಂತು, ‘ಬಾರಕ್ಕ, ಇಲ್ಲಿ ಅನ್ನ ಬೆಂದೈತೆ’ ಅಂದರು. ಕಾಂಡದ ಒಳಬಾಗಿದ ಬದಿಯಲ್ಲಿ, ನನ್ನ ಸೊಂಟದ ಎತ್ತರದಲ್ಲಿ, ತೊಗಟೆ ಅಂಗೈಯಗಲ ಕಪ್ಪಾಗಿ ಜಿಡ್ಡಿನಿಂದ ಮಿನುಗುತ್ತಿತ್ತು. ಅದರಿಂದ ಒಂದು ಅಡಿ ಕೆಳಗೆ ತೊಗಟೆ ಒಣಗಿಯೇ ಇತ್ತು. ಬಾಗಿದ ಮರವನ್ನೇ ಹುಲಿ ಆರಿಸಿಕೊಳ್ಳುವುದು ಯಾಕೆಂದು ಕೇಳಿದ್ದಕ್ಕೆ ಅವರು ಮೇಲೆ ನೋಡಿ ಎಂದು ಕೈ ತೋರಿಸಿದರು: ಆ ಬದಿಗೆ ಮಳೆ ಬೀಳುವುದಿಲ್ಲ. ಈಗ ಸಫಾರಿ ರಸ್ತೆಯಲ್ಲಿ ಹೋಗುವಾಗ ಬಾಗಿದ ಮರ ಕಂಡಲ್ಲೆಲ್ಲ ನನ್ನ ಕಣ್ಣು ಮೊದಲು ಅದರ ಒಳಬದಿಗೆ ಹೋಗುತ್ತದೆ. ನೀವೂ ಜೀಪಿನಿಂದಲೇ ನೋಡಿ. ವಾಸನೆ ನೋಡಲು ಕೆಳಗೆ ಮಾತ್ರ ಇಳಿಯಬೇಡಿ.

ಪ್ರಶ್ನೆ: ಹಲ್ಲು ಕಿರಿದು ಗುರುಗುಟ್ಟುವ ಹುಲಿಯ ಫೋಟೋ ತೆಗೆದೆ. ‘ತನ್ನ ಸಾಮ್ರಾಜ್ಯ ಕಾಯುವ ರಾಜ’ ಎಂದು ಶೀರ್ಷಿಕೆ ಕೊಟ್ಟು ಸ್ಪರ್ಧೆಗೆ ಕಳಿಸಿದೆ. ‘ಇದು ಗಡಿ ಕಾಯುವ ನಡವಳಿಕೆ ಅಲ್ಲ’ ಎಂದು ತೀರ್ಪುಗಾರರು ತಿರಸ್ಕರಿಸಿದರು. ಹುಲಿ ತನ್ನ ಜಾಗದಲ್ಲಿ ನನ್ನನ್ನು ಕಂಡು ಗುರುಗುಟ್ಟಿದರೆ ಅದು ಗಡಿ ಕಾಯುವುದೇ ಅಲ್ಲವೇ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ನೀವು ಕಳಿಸಿದ ಚಿತ್ರ ನೋಡಿದೆ. ತೀರ್ಪುಗಾರರು ಸರಿ. ಯಾಕೆಂದು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಈ ತಿಂಗಳು ನನಗೆ ಅತಿ ಮುಖ್ಯ ಅನ್ನಿಸಿದ ಪ್ರಶ್ನೆ ನಿಮ್ಮದೇ.

ಹುಲಿಗೆ ಗಡಿ ಇರುವುದು ಇನ್ನೊಂದು ಹುಲಿಯ ಎದುರು. ಹೆಣ್ಣಿಗೆ ಬೇಟೆಯ ನೆಲ, ನೀರು, ಮರಿ ಬಚ್ಚಿಡುವ ಜಾಗ ಬೇಕು. ಗಂಡಿಗೆ ಹೆಣ್ಣುಗಳಿರುವ ನೆಲ ಬೇಕು. ಒಂದು ಗಂಡಿನ ಪ್ರದೇಶದೊಳಗೆ ಎರಡು ಮೂರು ಹೆಣ್ಣುಗಳ ಪ್ರದೇಶ ಸೇರಿರುತ್ತದೆ. ಆ ಗಂಡು ಸೋತು ಹೊಸದು ಬಂದರೆ ಅದು ಹಳೆಯ ಗಂಡಿನ ಮರಿಗಳನ್ನು ಕೊಲ್ಲುವುದುಂಟು. ಆದ್ದರಿಂದ ಮರದ ಮೇಲಿನ ಆ ಜಿಡ್ಡು ಗುರುತಿಗೆ ಮರಿಗಳ ಜೀವದ ಬೆಲೆಯಿದೆ. ನೀವು ಕೂತ ಜೀಪು ಹೆಣ್ಣು ಕಸಿಯುವುದಿಲ್ಲ, ಕಡವೆ ಹೊಡೆಯುವುದಿಲ್ಲ. ಹುಲಿಯ ಮಟ್ಟಿಗೆ ಅದು ಪ್ರತಿಸ್ಪರ್ಧಿ ಅಲ್ಲವೇ ಅಲ್ಲ, ಬರೀ ಅಡ್ಡಿ.

ನಿಮ್ಮ ಚಿತ್ರದಲ್ಲಿ ಕಿವಿ ನೋಡಿ. ಪಕ್ಕಕ್ಕೆ ತಿರುಗಿ ಚಪ್ಪಟೆಯಾಗಿವೆ, ಕಿವಿಯ ಹಿಂಬದಿಯ ಬಿಳಿ ಚುಕ್ಕೆ ಮುಂದಿನಿಂದಲೇ ಕಾಣುತ್ತಿದೆ. ಮೈ ಹಿಂದಕ್ಕೆ ಒತ್ತಿಕೊಂಡಿದೆ, ಮುಂಗಾಲು ಒಳಗೆ ಸೆಳೆದಿದೆ. ಕಣ್ಣು ನೇರ ಲೆನ್ಸಿಗೆ. ಚಿತ್ರದ ಎಡ ಅಂಚಿನಲ್ಲಿ ಇನ್ನೊಂದು ಜೀಪಿನ ಬಂಪರ್ ಇದೆ, ಬಲಗಡೆ ಕ್ಯಾಂಟರ್‌ನ ನೆರಳು. ಹೋಗಲು ದಾರಿ ಸಿಗದೆ ಸಿಕ್ಕಿಕೊಂಡ ಹುಲಿ ಇದು. ಇದರ ಮುಂದಿನ ಹೆಜ್ಜೆ ಹುಸಿ ದಾಳಿ, ಅದಕ್ಕೂ ನೀವು ಜಗ್ಗದಿದ್ದರೆ ನಿಜವಾದ ದಾಳಿ.

ಇಂಥದ್ದೇ ಒಂದು ಬೆಳಗ್ಗೆ ನಾನು ಕಣ್ಣಾರೆ ನೋಡಿದ್ದು ಹೇಳುತ್ತೇನೆ. ಹಡ್ಲಿನ (ಕಾಡಿನ ನಡುವಿನ ಜೌಗು ಹುಲ್ಲುಬಯಲು) ಅಂಚಿನಿಂದ ಒಂದು ಹೆಣ್ಣುಹುಲಿ ಎದ್ದು ರಸ್ತೆಯತ್ತ ಬಂತು. ರಸ್ತೆಯ ಈ ಬದಿಯ ಮರ ಮೂಸಿತು, ತುಟಿ ಸುರುಳಿ ಮಾಡಿತು, ಆ ಬದಿಗೆ ದಾಟಬೇಕೆಂದು ಕಾಲು ಮುಂದಿಟ್ಟಿತು. ಅಷ್ಟರಲ್ಲಿ ವಯರ್‌ಲೆಸ್‌ನಲ್ಲಿ ಸುದ್ದಿ ಹೋಗಿ ಒಂದರ ಹಿಂದೊಂದು ಗಾಡಿ ಬಂದು ನಿಂತವು, ಬಂಪರ್‌ಗೆ ಬಂಪರ್. ಹುಲಿ ಕಾಲು ಹಿಂದಕ್ಕೆ ತೆಗೆದುಕೊಂಡು ಲಂಟಾನದೊಳಗೆ ಕೂತಿತು. ಗಾಡಿಗಳು ಕದಲಲಿಲ್ಲ. ಆಮೇಲೆ ಅದು ಎದ್ದು ಬಂದ ದಾರಿಯಲ್ಲೇ ಹಡ್ಲಿನ ಕಡೆ ಹೊರಟುಹೋಯಿತು. ಆ ಮರಕ್ಕೆ ಗುರುತು ಬೀಳಲಿಲ್ಲ. ಅಲ್ಲಿದ್ದವರೆಲ್ಲರ ಕಾರ್ಡಿನಲ್ಲೂ ಹುಲಿಯ ಚಿತ್ರ ಇತ್ತು, ಆದರೆ ಅದು ಮಾಡಲು ಬಂದ ಕೆಲಸದ ಚಿತ್ರ ಯಾರ ಬಳಿಯೂ ಇರಲಿಲ್ಲ. ನನಗೆ ಆವತ್ತು ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಒಂದು ದಿನ ಒಂದು ಮರ ತಪ್ಪಿದರೆ ಗಡಿ ಕೈಬಿಟ್ಟು ಹೋಗುವುದಿಲ್ಲ, ಅದು ನನಗೂ ಗೊತ್ತು. ಆದರೆ ಸಫಾರಿ ರಸ್ತೆಗಳು ದಿನವೂ ಅವೇ, ಹೊತ್ತೂ ಅದೇ, ಹುಲಿ ನಡೆಯಲು ಇಷ್ಟಪಡುವ ಹೊತ್ತೂ ಅದೇ. ಮೆತ್ತನೆಯ ಮಣ್ಣಿನ ರಸ್ತೆ ಅದಕ್ಕೂ ಸುಖ, ಅಂಚಿನ ಮರಗಳೇ ಅದರ ಗುರುತಿನ ಮರಗಳು. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ 2012ರ ಮಾರ್ಗಸೂಚಿಯಲ್ಲಿ ಪ್ರಾಣಿಯಿಂದ ಕನಿಷ್ಠ 20 ಮೀಟರ್, ಗಾಡಿಯಿಂದ ಗಾಡಿಗೆ ಕನಿಷ್ಠ 50 ಮೀಟರ್ ದೂರ ಇರಬೇಕೆಂದಿದೆ. ಈ 50 ಮೀಟರ್ ಅನ್ನುವುದು ಹುಲಿ ದಾಟಲು ಬೇಕಾದ ಬಾಗಿಲು. ಅಭಯಾರಣ್ಯದೊಳಗೆ ಪ್ರಾಣಿಯನ್ನು ಕೆಣಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ನಿಷೇಧಿಸಿದೆ. ಡ್ರೈವರ್ ಅಣ್ಣನಿಗೆ ‘ಇನ್ನೂ ಹತ್ತಿರ, ಇನ್ನೂ ಹತ್ತಿರ’ ಎಂದು ಬೆನ್ನು ತಟ್ಟುವವರು ನಾವೇ, ಟಿಪ್ಸ್ ಕೊಡುವವರೂ ನಾವೇ. ಅದೇ ಬಾಯಲ್ಲಿ ‘ಅಣ್ಣ, ಸ್ವಲ್ಪ ಹಿಂದಕ್ಕೆ ತಗೊಳ್ಳಿ, ಅದು ದಾಟಲಿ’ ಎಂದು ಹೇಳಿ ನೋಡಿ. ಬಹಳ ಡ್ರೈವರ್‌ಗಳು ಈ ಮಾತಿಗೇ ಕಾಯುತ್ತಿರುತ್ತಾರೆ.

ನಿಮ್ಮ ಚಿತ್ರವನ್ನು ಅಳಿಸಬೇಡಿ. ‘ಗಾಡಿಗಳ ನಡುವೆ ಸಿಕ್ಕ ಹುಲಿ’ ಎಂದು ಬರೆದು, ಬಂಪರ್ ಕತ್ತರಿಸದೆ ಹಾಕಿ. ಅದು ಸತ್ಯವಾದ ಚಿತ್ರ.

ಪ್ರಶ್ನೆ: ಯಾವ ಲೆನ್ಸ್?
— ಅನೇಕರು

ನಮ್ಮ ಕಾಡುಗಳ ರಸ್ತೆಗಳಿಗೆ 100–400 ಅಥವಾ 200–600 ಮಿ.ಮೀ. ಜೂಮ್ ಸಾಕು. ಗುರುತು ಹಾಕುವ ಚಿತ್ರಕ್ಕೆ ಮರವೂ ಬೇಕಾದ್ದರಿಂದ ಜೂಮ್ ಇಲ್ಲದ 600ರ ಪ್ರೈಮ್ ಎಷ್ಟೋ ಸಲ ಇಕ್ಕಟ್ಟಾಗುತ್ತದೆ. ಜೀಪಿನ ಕಂಬಿಯ ಮೇಲೆ ಬೀನ್‌ಬ್ಯಾಗ್ ಇಡಿ, ಟ್ರೈಪಾಡ್ ಮನೆಯಲ್ಲೇ ಇರಲಿ. ಮಿರರ್‌ಲೆಸ್ ಇದ್ದರೆ ಶಟರ್ ಸದ್ದು ಆಫ್ ಮಾಡಿ.

ಪ್ರಶ್ನೆ: ನಮ್ಮ ಕಾಫಿ ತೋಟದ ದಾರಿಯಲ್ಲಿ ನೆಲ ಕೆರೆದ ಗುರುತು, ಪಕ್ಕದಲ್ಲೇ ಹುಲಿಯ ಮಲ ಆಗಾಗ ಕಾಣುತ್ತದೆ. ಒಂದು ಮರದ ಮೇಲೆ ಉಗುರಿನ ಗೀರುಗಳೂ ಇವೆ. ಪ್ರಾಣಿ ಹಾದುಹೋದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಇಟ್ಟರೆ ಒಳ್ಳೆಯ ಚಿತ್ರ ಸಿಗಬಹುದೇ?
— ಬೆಳೆಗಾರರು, ದಕ್ಷಿಣ ಕೊಡಗು

ಸಿಗಬಹುದು. ಆದರೆ ಚಿತ್ರಕ್ಕಿಂತ ಮೊದಲು ತೋಟದ ಆಳುಗಳ ಯೋಚನೆ ಮಾಡಿ. ಹಿಂಗಾಲಿನಿಂದ ಕೆರೆದು ಪಕ್ಕದಲ್ಲಿ ಮಲ ಬಿಟ್ಟಿದೆ ಎಂದರೆ ಅದು ಒಮ್ಮೆ ಹಾದುಹೋದ ಹುಲಿಯಲ್ಲ, ನಿಮ್ಮ ದಾರಿಯನ್ನು ತನ್ನ ದಾರಿ ಎಂದು ನಂಬಿದ ಹುಲಿ, ಮತ್ತೆ ಬರುತ್ತದೆ. ವಲಯ ಅರಣ್ಯಾಧಿಕಾರಿಗೆ ಇವತ್ತೇ ತಿಳಿಸಿ. ಆಳುಗಳು ನಸುಕಿನಲ್ಲಿ ಒಬ್ಬೊಬ್ಬರೇ ಹೋಗದಿರಲಿ, ಬಗ್ಗಿ ಕೆಲಸ ಮಾಡುವ ಕಡೆ ಜೊತೆಗೆ ನಿಂತು ನೋಡುವವರೊಬ್ಬರು ಇರಲಿ. ದನ ಸತ್ತು ಬಿದ್ದಿದ್ದರೆ ಅದರ ಬಳಿ ಕ್ಯಾಮೆರಾ ಇಡಲು ಹೋಗಲೇಬೇಡಿ.

ಇಲಾಖೆ ಒಪ್ಪಿದರೆ, ನಿಮ್ಮ ಸ್ವಂತ ಜಮೀನಿನೊಳಗೆ ಮಾತ್ರ, ಮೊಣಕಾಲಿನ ಎತ್ತರಕ್ಕೆ ಕ್ಯಾಮೆರಾ ಕಟ್ಟಿ. ಎರಡು ಇದ್ದರೆ ದಾರಿಯ ಆಚೆ ಈಚೆ ಕಟ್ಟಿ. ಹುಲಿಯ ಎಡಮೈ ಪಟ್ಟೆಯೇ ಬೇರೆ, ಬಲಮೈ ಪಟ್ಟೆಯೇ ಬೇರೆ. ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು 1990ರ ದಶಕದ ಮೊದಲಲ್ಲಿ ನಿಮ್ಮ ಪಕ್ಕದ ನಾಗರಹೊಳೆಯಲ್ಲೇ ಹೀಗೆ ಪಟ್ಟೆ ನೋಡಿ ಒಂದೊಂದು ಹುಲಿಯನ್ನು ಗುರುತಿಸಿ ಎಣಿಕೆಯ ವಿಧಾನ ರೂಪಿಸಿದರು. ಆ ವಿಧಾನ ಈಗ ಜಗತ್ತಿನ ಎಷ್ಟೋ ಕಡೆ ಬಳಕೆಯಲ್ಲಿದೆ. ನಿಮಗೆ ಸಿಕ್ಕ ಚಿತ್ರವನ್ನು ಇಲಾಖೆಗೆ ಕೊಟ್ಟರೆ ಅದು ಯಾವ ಹುಲಿ, ಕಾಡಿನೊಳಗಿನ ಪಟ್ಟಿಯಲ್ಲಿದೆಯೋ ಇಲ್ಲವೋ ಎಂದು ಅವರು ಹೋಲಿಸಬಲ್ಲರು.

ತಾಳ್ಮೆಯ ಬಗ್ಗೆ ಒಂದು ಮಾತು. 2020ರಲ್ಲಿ ವರ್ಷದ ವನ್ಯಜೀವಿ ಛಾಯಾಗ್ರಾಹಕ ಪ್ರಶಸ್ತಿ ಪಡೆದ ರಷ್ಯಾದ ಸೆರ್ಗೆಯ್ ಗೋರ್ಷ್‌ಕೋವ್ ಅವರ ಚಿತ್ರ ನೋಡಿರಬಹುದು: ದೂರಪೂರ್ವದ ಕಾಡಿನಲ್ಲಿ ಒಂದು ಅಮುರ್ ಹೆಣ್ಣುಹುಲಿ ಹಳೆಯ ಫರ್ ಮರವನ್ನು ತಬ್ಬಿ ಕೆನ್ನೆ ಉಜ್ಜುತ್ತಿದೆ. ನೋಡಿದವರಿಗೆ ಪ್ರೀತಿಯಂತೆ ಕಾಣುವ ಅದು ವಾಸನೆಯ ಗುರುತು ಹಾಕುವ ಕೆಲಸ. ಆ ಒಂದು ಚಿತ್ರಕ್ಕೆ ಮರದೆದುರು ಕ್ಯಾಮೆರಾ ಹೂಡಿ 11 ತಿಂಗಳಿಗೂ ಹೆಚ್ಚು ಕಾದರು. ಅಲ್ಲಿ ಒಂದು ಹೆಣ್ಣುಹುಲಿಗೆ ಸುಮಾರು 400 ಚದರ ಕಿ.ಮೀ. ನೆಲ ಬೇಕು, ಯಾಕೆಂದರೆ ಹಿಮದ ನಾಡಿನಲ್ಲಿ ಬೇಟೆ ವಿರಳ. ಜಿಂಕೆ, ಕಡವೆ, ಕಾಟಿ ದಂಡಿಯಾಗಿರುವ ನಮ್ಮ ನಾಗರಹೊಳೆಯಂಥ ಕಾಡಿನಲ್ಲಿ 20 ಚದರ ಕಿ.ಮೀ. ಆಸುಪಾಸು ಸಾಕಾಗುತ್ತದೆ. ಅಂದರೆ ಇಲ್ಲಿನ ಹುಲಿ ಅದೇ ಮರಕ್ಕೆ ಎಷ್ಟೋ ಬೇಗ ಹಿಂತಿರುಗುತ್ತದೆ. ಈ ವಿಷಯದಲ್ಲಿ ನಾವು ಪುಣ್ಯವಂತರು.

ಪ್ರಶ್ನೆ: ಚಿರತೆಯೂ ಹೀಗೇ ಮಾಡುತ್ತದೆಯೇ? ಕರಿಚಿರತೆಯ ಗಡಿ ಬೇರೆ ಇರುತ್ತದೆಯೇ?
— ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ಹೀಗೇ ಮಾಡುತ್ತದೆ: ಚಿಮ್ಮಿಸುವುದು, ನೆಲ ಕೆರೆಯುವುದು, ಕೆನ್ನೆ ಉಜ್ಜುವುದು, ಮರ ಪರಚುವುದು. ಅದರ ಕೂಗು ಮಾತ್ರ ಬೇರೆ, ಮರ ಕೊಯ್ಯುವ ಗರಗಸದಂಥ ಸದ್ದು. ಕತ್ತಲಾಗುವ ಮುಂಚೆ ಆ ಸದ್ದು ಕೇಳಿದರೆ ಗಾಡಿ ನಿಲ್ಲಿಸಿ, ಇಂಜಿನ್ ಆರಿಸಿ, ಅಲ್ಲೇ ಇರಿ. ಕೂಗುತ್ತಿರುವ ಚಿರತೆ ಸಾಮಾನ್ಯವಾಗಿ ನಡೆಯುತ್ತಲೇ ಕೂಗುತ್ತದೆ, ಅದೇ ನಿಮ್ಮ ಕಡೆ ಬರಬಹುದು. ಕರಿಚಿರತೆ ಬೇರೆ ಜಾತಿಯಲ್ಲ. ಬಣ್ಣದ ಒಂದು ಜೀನಿನ ವ್ಯತ್ಯಾಸ ಅಷ್ಟೆ, ಬಿಸಿಲು ಸರಿಯಾಗಿ ಬಿದ್ದರೆ ಕಪ್ಪಿನೊಳಗೂ ಚುಕ್ಕೆ ಕಾಣುತ್ತವೆ. ಚುಕ್ಕೆಯ ಚಿರತೆಯ ಜೊತೆ ಗಡಿಗಾಗಿ ಕಾದಾಡುತ್ತದೆ, ಕೂಡುತ್ತದೆ. ಅದರ ಚಿತ್ರ ತೆಗೆಯುವಾಗ ಎಕ್ಸ್‌ಪೋಶರ್ ಒಂದು ಸ್ಟಾಪಿನಷ್ಟು ಕಡಿಮೆ ಮಾಡಿ, ಇಲ್ಲದಿದ್ದರೆ ಕ್ಯಾಮೆರಾ ಕಪ್ಪನ್ನು ಬೂದಿ ಮಾಡಿಬಿಡುತ್ತದೆ.

ಪ್ರಶ್ನೆ: ನೈರೋಬಿಯಲ್ಲಿ ಕೆಲಸದಲ್ಲಿದ್ದೇನೆ, ಊರು ಧಾರವಾಡ. ಮಸಾಯಿ ಮಾರಾಕ್ಕೆ ಹೋಗುತ್ತಿದ್ದೇನೆ. ಸಿಂಹದ ಗರ್ಜನೆಯ ರೆಕಾರ್ಡಿಂಗ್ ಮೊಬೈಲಿನಲ್ಲಿ ಹಾಕಿದರೆ ಗಂಡುಸಿಂಹ ಹತ್ತಿರ ಬರುತ್ತದೆ ಎಂದು ಸ್ನೇಹಿತರು ಹೇಳಿದರು. ಮಾಡಬಹುದೇ?

ಬೇಡ, ದಯವಿಟ್ಟು ಬೇಡ. ಸಿಂಹದ ಗರ್ಜನೆ 8 ಕಿ.ಮೀ.ವರೆಗೂ ಕೇಳುತ್ತದೆ ಎನ್ನುತ್ತಾರೆ. ಅದು ಇಡೀ ಗುಂಪಿನ ಘೋಷಣೆ. ಸೆರೆಂಗೆಟಿಯಲ್ಲಿ ಕ್ಯಾರೆನ್ ಮೆಕಾಂಬ್ ಮತ್ತು ಸಂಗಡಿಗರು ಹೆಣ್ಣುಸಿಂಹಗಳಿಗೆ ಅಪರಿಚಿತ ಗರ್ಜನೆ ಕೇಳಿಸಿ 1994ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ಸಿಂಹಿಣಿಯ ದನಿ ಕೇಳಿದಾಗ ಅವು ಎದ್ದು ಎದುರಿಸಲು ಹೊರಟವು. ಮೂರು ದನಿ ಒಟ್ಟಿಗೆ ಕೇಳಿದಾಗ ಹಿಂದೆ ಮುಂದೆ ನೋಡಿದವು, ತಾವೆಷ್ಟಿದ್ದೇವೆ ಎಂದು ಲೆಕ್ಕ ಹಾಕಿದಂತೆ. ಅಂದರೆ ನಿಮ್ಮ ಮೊಬೈಲಿನ ಸದ್ದು ಅವುಗಳಿಗೆ ಆಟವಲ್ಲ, ಶತ್ರು ಬಂದ ಸುದ್ದಿ. ಮರಿಗಳಿರುವ ತಾಯಿ ಅದನ್ನು ಕೇಳಿ ಮರಿ ಬಿಟ್ಟು ಓಡಬಹುದು, ಗಂಡುಸಿಂಹ, ಅಲ್ಲಿ ಇಲ್ಲವೇ ಇಲ್ಲದ ಶತ್ರುವನ್ನು ಹುಡುಕಿಕೊಂಡು ತನ್ನ ಗಡಿ ದಾಟಿ ಬೇರೆ ಗಂಡುಗಳ ಕೈಗೆ ಸಿಗಬಹುದು. ಆ ವಿಜ್ಞಾನಿಗಳಿಗೆ ಒಂದು ಪ್ರಶ್ನೆ ಇತ್ತು. ನಮಗಿರುವುದು ಫೋಟೋದ ಆಸೆ ಮಾತ್ರ.

ಅದರ ಬದಲು ನಸುಕಿನಲ್ಲಿ ಗೇಟು ತೆರೆದ ಕೂಡಲೇ ಹೊರಡಿ. ತಣ್ಣನೆಯ ಗಾಳಿಯಲ್ಲಿ ಗರ್ಜಿಸುವ ಸಿಂಹದ ಉಸಿರು ಆವಿಯಾಗಿ ಕಾಣುತ್ತದೆ. ಸೂರ್ಯ ಅದರ ಹಿಂದಿರುವಂತೆ ನಿಲ್ಲಿ, ಆ ಆವಿಗೆ ಬಂಗಾರದ ಅಂಚು ಬರುತ್ತದೆ. ಎರಡು ಮೂರು ಗಂಡುಗಳ ಕೂಟ ಇದ್ದರೆ ಒಂದು ಪೊದೆಗೆ ಚಿಮ್ಮಿಸಿದ ಮೇಲೆ ಇನ್ನೊಂದು ಬಂದು ಅದೇ ಪೊದೆಯಲ್ಲಿ ಜೂಲು ಉಜ್ಜುತ್ತದೆ. ಮೊದಲನೆಯದರ ಹಿಂದೆ ಹೋಗದೆ ಪೊದೆಯ ಹತ್ತಿರವೇ ಕಾಯಿರಿ. ಒಂದು ಪ್ರಾಣಿಯ ಬಳಿ ಐದಕ್ಕಿಂತ ಹೆಚ್ಚು ಗಾಡಿ ನಿಲ್ಲಬಾರದು ಎಂಬುದು ಮಾರಾದ ನಿಯಮ. ನೀವು ಆರನೆಯವರಾಗಿದ್ದರೆ ದೂರದಲ್ಲಿ ಸರದಿ ಕಾಯಿರಿ.

ಪ್ರಶ್ನೆ: ತಾಯಿಹುಲಿ ಮತ್ತು ಮಗಳು ಜಗಳ ಆಡುತ್ತವೆಯಾ?
— ಹೈಸ್ಕೂಲ್ ವಿದ್ಯಾರ್ಥಿನಿ, ಚಾಮರಾಜನಗರ

ಆಡುತ್ತವೆ ಪುಟ್ಟಿ. ಎರಡು ವರ್ಷದ ಹೊತ್ತಿಗೆ ಮರಿಗಳು ತಾಯಿಯಿಂದ ಬೇರೆಯಾಗುತ್ತವೆ. ಗಂಡುಮರಿ ದೂರ ಹೋಗುತ್ತದೆ. ಹೆಣ್ಣುಮರಿ ಎಷ್ಟೋ ಸಲ ತಾಯಿಯ ನೆಲದ ಪಕ್ಕದಲ್ಲೇ, ಕೆಲವು ಸಲ ತಾಯಿಯ ನೆಲದಲ್ಲೇ ಜಾಗ ಹಿಡಿಯುತ್ತದೆ. ರಾಜಸ್ಥಾನದ ರಣಥಂಬೋರಿನ ಕೆರೆಗಳ ಸುತ್ತ ಇದ್ದ ಮಛ್ಲಿ ಎಂಬ ಹುಲಿಯ ಹೆಸರು ಕೇಳಿರಬಹುದು. ಮೊಸಳೆಯ ಜೊತೆ ಹೋರಾಡಿದ ಅದರ ಚಿತ್ರ ಬಹಳ ಪ್ರಸಿದ್ಧ. ಅದನ್ನು ಆ ಕೆರೆಗಳ ಪ್ರದೇಶದಿಂದ ಹೊರಗೆ ತಳ್ಳಿದ್ದು ಅದರ ಮಗಳು ಸುಂದರಿ. ಆಮೇಲೆ ಇನ್ನೊಬ್ಬ ಮಗಳು ಕೃಷ್ಣಾ, ಕೃಷ್ಣಾಳ ಮಗಳು ಆರೋಹೆಡ್, ಆರೋಹೆಡ್‌ನ ಮಗಳು ರಿದ್ಧಿ, ಹೀಗೆ ಅದೇ ನೆಲ ಮನೆತನದೊಳಗೇ ಕೈ ಬದಲಾಯಿಸುತ್ತ ಬಂತು. ಮಛ್ಲಿ 2016ರಲ್ಲಿ ಸತ್ತಿತು, ಆರೋಹೆಡ್ 2025ರಲ್ಲಿ.

ಇದನ್ನು ಕೇಳಿ ಮಗಳು ಕೆಟ್ಟವಳು ಅಂದುಕೊಳ್ಳಬೇಡ. ನೀರು ಮತ್ತು ಬೇಟೆ ಇರುವ ಜಾಗ ಸಿಗದಿದ್ದರೆ ಅವಳ ಮರಿಗಳು ಉಳಿಯುವುದಿಲ್ಲ. ಜಗಳವೂ ನಾವು ಅಂದುಕೊಂಡಷ್ಟು ಉದ್ದ ನಡೆಯುವುದಿಲ್ಲ. ಇಬ್ಬರೂ ಹಿಂಗಾಲ ಮೇಲೆ ಎದ್ದು ನಿಂತು ಒಂದೆರಡು ಏಟು ಕೊಡುತ್ತಾರೆ, ಸೋತವರು ನೆಲಕ್ಕೆ ಮಲಗಿ ಹೊಟ್ಟೆ ತೋರಿಸುತ್ತಾರೆ ಅಥವಾ ಮುಖ ತಿರುಗಿಸಿ ಹೊರಡುತ್ತಾರೆ. ದೊಡ್ಡ ಗಾಯವಾದರೆ ಗೆದ್ದವರಿಗೂ ಬೇಟೆಯಾಡಲು ಆಗುವುದಿಲ್ಲವಲ್ಲ, ಅದಕ್ಕೇ ಆದಷ್ಟು ವಾಸನೆಯಲ್ಲೇ ವ್ಯವಹಾರ ಮುಗಿಸಲು ನೋಡುತ್ತವೆ.

ನಿನಗೆ ಕ್ಯಾಮೆರಾ ಇಲ್ಲ ಎಂದು ಬರೆದಿದ್ದೀಯ. ನಿಮ್ಮ ಊರಿನ ಪಕ್ಕದಲ್ಲೇ ಬಂಡೀಪುರ, ಬಿಳಿಗಿರಿರಂಗನ ಬೆಟ್ಟ ಎರಡೂ ಇವೆ. ಒಂದು ನೋಟ್‌ಬುಕ್ಕಿನಲ್ಲಿ ನಿಮ್ಮ ಮನೆಯ ಬೆಕ್ಕು ಯಾವ ಕಂಬಕ್ಕೆ ಕೆನ್ನೆ ಉಜ್ಜುತ್ತದೆ, ಎಲ್ಲಿ ಬಾಲ ಎತ್ತುತ್ತದೆ, ಪಕ್ಕದ ಮನೆಯ ಬೆಕ್ಕು ಬಂದಾಗ ಕಿವಿ ಹೇಗೆ ತಿರುಗಿಸುತ್ತದೆ ಎಂದು ಒಂದು ತಿಂಗಳು ಬರೆದಿಡು. ಬರೆದದ್ದನ್ನು ನನಗೆ ಕಳಿಸು. ಹುಲಿ ನೋಡುವ ಕಣ್ಣು ಅಲ್ಲಿಂದಲೇ ಬರುತ್ತದೆ.

ಪ್ರಶ್ನೆ: ಗುರುತು ಹಾಕುವ ಹುಲಿಯ ಫೋಟೋ ಹಾಕುವಾಗ ಯಾವ ರಸ್ತೆ, ಯಾವ ಮರ ಎಂದು ಬರೆಯಬಹುದೇ? ಎಲ್ಲರೂ ಕೇಳುತ್ತಾರೆ.
— ಅಂಗಡಿ ಮಾಲೀಕರು, ಹುಣಸೂರು

ಕಾಡಿನ ಹೆಸರು ಬರೆಯಿರಿ, ತಿಂಗಳು ಬರೆಯಿರಿ, ಹುಲಿ ಏನು ಮಾಡುತ್ತಿತ್ತು ಎಂದು ವಿವರವಾಗಿ ಬರೆಯಿರಿ. ರಸ್ತೆ, ಮರ, ಹೊತ್ತು ಮೂರನ್ನೂ ಬಿಡಿ. ಮೊಬೈಲಿನಲ್ಲಿ ತೆಗೆದಿದ್ದರೆ ಜಿಪಿಎಸ್ ಮಾಹಿತಿ ಅಳಿಸಿ ಹಾಕಿ. ಹುಲಿ ಆ ಮರಕ್ಕೆ ಮತ್ತೆ ಮತ್ತೆ ಬರುತ್ತದೆ ಎಂದು ನಿಮಗೆ ಗೊತ್ತಾದ ಹಾಗೆ ಉರುಳು ಹಾಕುವವನಿಗೂ ಗೊತ್ತಾಗುತ್ತದೆ. ಕೇಳಿದವರಿಗೆ ಮರ ಗುರುತಿಸುವುದು ಹೇಗೆಂದು ಹೇಳಿಕೊಡಿ, ಅವರೇ ಹುಡುಕಿಕೊಳ್ಳಲಿ.